ಲುಬ್ರಾ ಬೆಟ್ಟದ ಕುತ್ತಿಗೆ

ಕೆ.ಆರ್. ಪುರಂ, ಹೊರಡುವ ಮೊದಲು

ನೇಪಾಳಕ್ಕೆ ಹೋಗಿ ಬಂದೆ ಎಂದರೆ ಹೊಸ ತಿಪ್ಪಸಂದ್ರದ ನಮ್ಮ ಮಾರ್ಕೆಟ್ ರಸ್ತೆಯಲ್ಲಿ ಯಾರೂ ಅದನ್ನು ಫಾರಿನ್ ಎಂದು ಒಪ್ಪುವುದಿಲ್ಲ. ನನ್ನ ಸ್ಟುಡಿಯೋದ ಕೆಳಗಿರುವ ಪಾತ್ರೆ ಅಂಗಡಿಯವರು ಮುಖದ ಮೇಲೆಯೇ ಹೇಳಿದರು: ‘ಪಾಸ್‌ಪೋರ್ಟ್ ಕೇಳಲ್ಲ ಅಂದ್ಮೇಲೆ ಅದ್ಯಾವ್ ಫಾರಿನ್ನು ಗುರು? ವೋಟರ್ ಕಾರ್ಡ್ ತೋರ್ಸಿ ಹೋಗೋದಾದ್ರೆ ಹೊಸಕೋಟೆಗೂ ಹೋಗ್ಬೋದಲ್ಲ.’

ನಾನು ಮದುವೆ ವಿಡಿಯೋ ಮಾಡುವವನು. ಹಲಸೂರು, ಇಂದಿರಾನಗರ, ಬಾಣಸವಾಡಿಯ ಛತ್ರಗಳಲ್ಲಿ ಇಪ್ಪತ್ತು ವರ್ಷ ತಾಳಿ ಕಟ್ಟುವುದನ್ನು ಚಿತ್ರಿಸಿದ್ದೇನೆ. ಬೆಟ್ಟವನ್ನಾಗಲಿ, ಬೆಟ್ಟದಿಂದ ಇಳಿಯುವ ಸೈಕಲ್ಲನ್ನಾಗಲಿ ಒಮ್ಮೆಯೂ ಚಿತ್ರಿಸಿದವನಲ್ಲ. ನನ್ನನ್ನು ಅಲ್ಲಿಗೆ ಎಳೆದದ್ದು ಕೆ.ಆರ್. ಪುರಂನಲ್ಲಿರುವ ಅಕ್ಕನ ಮಗಳು ರೇವತಿ. ವಯಸ್ಸು ಇಪ್ಪತ್ತನಾಲ್ಕು. ಆವಲಹಳ್ಳಿ ಕಾಡಿನ ಕೆಮ್ಮಣ್ಣಿನ ಜಾಡುಗಳಲ್ಲಿ ಪ್ರತಿ ಭಾನುವಾರ ಸೈಕಲ್ ಓಡಿಸಿ ಮೊಣಕೈ ತುಂಬ ಗಾಯದ ಕಲೆ ಮಾಡಿಕೊಂಡವಳು. ಬೆಟ್ಟದ ಸಿನಿಮಾಗಳ ಒಂದು ಉತ್ಸವಕ್ಕೆ ಐದು ನಿಮಿಷದ ಚಿತ್ರ ಕಳಿಸಬೇಕು, ಮುಕ್ತಿನಾಥದಿಂದ ಲುಬ್ರಾ ಎಂಬ ಹಳ್ಳಿಗೆ ಇಳಿಯುವ ದಾರಿಯಲ್ಲಿ ಅದನ್ನು ತೆಗೆಯಬೇಕು ಎಂದು ಹಟ ಹಿಡಿದಿದ್ದಳು.

ಅಕ್ಕ ಎಲುಬಿನ ವಾರ್ಡಿನಲ್ಲಿ ನರ್ಸ್. ಬೈಕಿನಿಂದ, ಮಹಡಿಯಿಂದ, ಮರದಿಂದ ಬಿದ್ದವರನ್ನು ದಿನವೂ ತಿರುಗಿಸಿ ಮಲಗಿಸುವವಳು. ಅವಳಿಗೆ ‘ಸಾಹಸ’ ಎಂಬ ಶಬ್ದ ಕೇಳಿದರೆ ಪ್ಲಾಸ್ಟರಿನ ವಾಸನೆ ಬರುತ್ತದೆ. ಅವಳು ಬೇಡ ಅಂದಳು. ಆಮೇಲೆ ನನ್ನ ಕಡೆ ಕೈ ಮಾಡಿ ‘ಇವ್ನು ಹೋಗ್ತಾನೆ ಅಂದ್ರೆ ಹೋಗು’ ಅಂದಳು. ಈ ಎರಡು ಮಾತಿನ ನಡುವೆ ಎಷ್ಟು ದಿನ ಕಳೆದವು? ಒಂದು ವಾರ ಎನ್ನುತ್ತದೆ ನನ್ನ ನೆನಪು. ಎರಡು ತಿಂಗಳು ಎನ್ನುತ್ತಾಳೆ ರೇವತಿ. ನನ್ನ ನೆನಪಿನ ಲೆಕ್ಕವನ್ನು ನೀವು ನಂಬಬೇಕಾಗಿಲ್ಲ. ನಾನೇ ನಂಬುವುದಿಲ್ಲ. ಮದುವೆ ವಿಡಿಯೋ ಮಾಡುವವನಿಗೆ, ನಡೆದದ್ದನ್ನು ಚಂದವಾಗಿ ಜೋಡಿಸುವುದು ಎಷ್ಟು ಸುಲಭ ಎಂದು ಗೊತ್ತಿರುತ್ತದೆ.

ಜೀಪು

ಪೋಖರಾದಿಂದ ಜೊಮ್ಸೊಮ್‌ವರೆಗಿನ ಜೀಪಿನ ದಾರಿಯಲ್ಲಿ ಮಳೆ ಬರುತ್ತಿತ್ತು ಎಂದು ನಾನು ಊರಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಆಮೇಲೆ ವಿಡಿಯೋ ತೆಗೆದು ನೋಡಿದರೆ ಉರಿಬಿಸಿಲು. ಒದ್ದೆಯಾಗಿದ್ದದ್ದು ನನ್ನ ಅಂಗಿ ಮಾತ್ರ.

ಬಲಗಡೆ ಪಾತಾಳ, ಅದರ ತಳದಲ್ಲಿ ಬೂದಿ ಬಣ್ಣದ ನದಿ. ಜೀಪಿನ ಚಕ್ರದ ಹೊರಗಂಚು ಎಷ್ಟೋ ಸಲ ಗಾಳಿಯಲ್ಲಿತ್ತು. ಎದುರಿನಿಂದ ಬಸ್ಸು ಬಂದರೆ ಇಬ್ಬರು ಚಾಲಕರೂ ಇಳಿದು, ಕೈ ಕುಲುಕಿ, ಮನೆ ಮಂದಿಯ ಆರೋಗ್ಯ ವಿಚಾರಿಸಿ, ಆಮೇಲೆ ಯಾರು ಹಿಂದಕ್ಕೆ ಹೋಗುವುದೆಂದು ತೀರ್ಮಾನಿಸುತ್ತಿದ್ದರು. ನಮ್ಮ ಹಳೇ ಮದ್ರಾಸ್ ರಸ್ತೆಯಲ್ಲಿ ಹೀಗೆ ಎದುರಾದರೆ ಮೊದಲು ವಿಚಾರಿಸುವುದು ಅಮ್ಮನನ್ನೇ, ಆದರೆ ಆರೋಗ್ಯವನ್ನಲ್ಲ. ಈ ಜನ ಇಷ್ಟು ಮರ್ಯಾದೆಯಿಂದ ಇರುವುದನ್ನು ಕಂಡು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಾವು ಇಷ್ಟು ಹತ್ತಿರವಿರುವ ಕಡೆ ಮಾತ್ರ ಮನುಷ್ಯರು ಹೀಗೆ ಮೆತ್ತಗೆ ಮಾತಾಡುತ್ತಾರೆ ಅನ್ನಿಸಿತು.

ರೇವತಿ ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಳು. ಮೇಲೆ ಕಟ್ಟಿದ್ದ ಅವಳ ಸೈಕಲ್ಲು ಪ್ರತಿ ಗುಂಡಿಗೂ ಒಮ್ಮೆ ನನ್ನ ತಲೆಯ ಮೇಲೆಯೇ ಬಡಿದಂತೆ ಸದ್ದು ಮಾಡುತ್ತಿತ್ತು.

ರಾಣಿಪೌವಾ

ಮುಕ್ತಿನಾಥದ ಕೆಳಗಿನ ಈ ಊರಿನಲ್ಲಿ ನಮಗಾಗಿ ಕಾಯುತ್ತಿದ್ದ ದಾರಿತೋರುಗ ದೋರ್ಜೆ ಕನ್ನಡ ಮಾತಾಡಿದ. ಕಲ್ಯಾಣ ನಗರದ ಮೋಮೋ ಅಂಗಡಿಯೊಂದರಲ್ಲಿ ಆರು ವರ್ಷ ಕೆಲಸ ಮಾಡಿ ಊರಿಗೆ ಮರಳಿದವನಂತೆ. ಮೂವತ್ತೈದರ ಆಸುಪಾಸು, ಬಿಸಿಲಿಗೆ ಬೆಂದ ಕೆನ್ನೆ.

‘ಊಟ ಆಯ್ತಾ ಸಾರ್? ಔಟರ್ ರಿಂಗ್ ರೋಡ್ ಸರಿ ಮಾಡಿದ್ರಾ?’

‘ಇನ್ನೂ ಅಗೀತಿದಾರೆ.’

‘ನಾನ್ ಬಿಟ್ ಬಂದಾಗ್ಲೂ ಅಗೀತಿದ್ರು’ ಎಂದು ಅವನು ಸಂತೋಷಪಟ್ಟ.

ವಸತಿಗೃಹದ ಊಟದ ಮೇಜಿಗೆ ನೆಲದವರೆಗೆ ಕಂಬಳಿ ಹೊದಿಸಿ, ಅದರ ಕೆಳಗೆ ಕೆಂಡದ ಬಾಣಲೆ ಇಡುತ್ತಾರೆ. ಎಲ್ಲರೂ ಕಂಬಳಿಯೊಳಗೆ ಕಾಲು ತೂರಿಸಿ ಕೂರುವುದು. ಅಪರಿಚಿತರ ಮೊಣಕಾಲುಗಳು ಕತ್ತಲಲ್ಲಿ ತಾಗುತ್ತವೆ, ಯಾರೂ ಕ್ಷಮೆ ಕೇಳುವುದಿಲ್ಲ. ಬಡಿಸಿದ್ದು ಢಿಡೋ, ಕಪ್ಪು ಹಿಟ್ಟಿನ ಮುದ್ದೆ. ನಮ್ಮ ರಾಗಿಮುದ್ದೆಯ ದೂರದ ನೆಂಟ ಅನ್ನಿಸಿತು, ಆದರೆ ಇವರು ಅದನ್ನು ಅಗಿಯುತ್ತಾರೆ. ನುಂಗಿ ತೋರಿಸಿದೆ. ಪಕ್ಕದ ಮುದುಕ ನನ್ನ ಗಂಟಲನ್ನೇ ಆತಂಕದಿಂದ ನೋಡುತ್ತ ಕುಳಿತ.

ಸೈಕಲ್ ಸಿನಿಮಾ ಚೆನ್ನಾಗಿ ಬರಬೇಕಾದರೆ ಏನು ಬೇಕು ಎಂಬ ಚರ್ಚೆ ಆ ಮೇಜಿನಲ್ಲೇ ನಡೆದದ್ದು. ವಿದೇಶಿ ತಂಡಗಳಿಗೆ ಸಾಮಾನು ಹೊತ್ತ ದೋರ್ಜೆಗೆ ಖಚಿತ ಅಭಿಪ್ರಾಯವಿತ್ತು.

‘ಅವ್ರು ಮೂರ್ ದಿನ ಬರೀ ನೋಡ್ತಾರೆ ಸಾರ್. ಕಲ್ಲು ತೆಗೀತಾರೆ, ನಡೀತಾರೆ, ಕೂತ್ಕೋತಾರೆ. ಓಡ್ಸೋದು ಒಂದ್ ನಿಮಿಷ. ಆ ಮೂರ್ ದಿನ ಇಲ್ದಿದ್ರೆ ಒಂದ್ ನಿಮಿಷ ಚೆನ್ನಾಗ್ ಬರಲ್ಲ.’

‘ಬೀಳೋದ್ ತೋರ್ಸಿ ಚಪ್ಪಾಳೆ ತಗೊಳೋ ಫಿಲಂ ನಂಗ್ ಬೇಡ’ ಅಂದಳು ರೇವತಿ. ‘ಹೆಲ್ಮೆಟ್ ಮೇಲೆ ಕ್ಯಾಮೆರಾನೂ ಬೇಡ. ಅದ್ರಲ್ಲಿ ಬೆಟ್ಟ ಕಾಣಲ್ಲ, ಹ್ಯಾಂಡಲ್ ಕಾಣತ್ತೆ. ಎಲ್ರೂ ಅದನ್ನೇ ಮಾಡ್ತಾರೆ. ನಾನ್ ಎಷ್ಟ್ ಚಿಕ್ಕವಳು, ಅದು ಎಷ್ಟ್ ದೊಡ್ಡದು, ಅದು ಕಾಣ್ಬೇಕು ಮಾಮ.’

ನಾನೇನು ಹೇಳಿದೆನೋ ನೆನಪಿಲ್ಲ. ಶಬ್ದ ಮುಖ್ಯ ಅಂದೆ ಎಂದು ಅವಳು ಹೇಳುತ್ತಾಳೆ. ಟೈರಿನ ಕೆಳಗೆ ಜಲ್ಲಿ ಜಾರುವ ಶಬ್ದ ಇಲ್ಲದಿದ್ದರೆ ಎಂಥ ಇಳಿಜಾರೂ ಬರೀ ಚಿತ್ರ ಅಂದೆನಂತೆ. ಅಷ್ಟು ಜಾಣತನದ ಮಾತು ನನ್ನ ಬಾಯಿಂದ ಬಂದಿರಬಹುದು ಎಂದು ನಂಬಲು ನನಗೂ ಆಸೆ.

ಕುತ್ತಿಗೆ, ಮೊದಲ ದಿನ

ಊರಿನಿಂದ ಎರಡು ಗಂಟೆ ಹತ್ತಿದರೆ ಬೆಟ್ಟದ ಬೆನ್ನು. ಅಲ್ಲಿ ಉಸಿರಾಟ ತಾನಾಗಿ ನಡೆಯುವುದಿಲ್ಲ, ಪ್ರತಿ ಉಸಿರನ್ನೂ ಕೇಳಿ ಪಡೆಯಬೇಕು. ಆ ಬೆನ್ನಿನ ಮೇಲೆ ಜಾಡು ಸಾಗಿ ಒಂದು ಕಡೆ ಬೆಟ್ಟ ಸಣ್ಣಗಾಗುತ್ತದೆ. ಸುಮಾರು ನಲವತ್ತು ಹೆಜ್ಜೆಯುದ್ದ, ನಮ್ಮ ಚರಂಡಿಯ ಚಪ್ಪಡಿಯಷ್ಟು ಅಗಲ. ಎರಡೂ ಕಡೆ ಸಡಿಲ ಕಲ್ಲಿನ ಜಾರು, ಅದರ ಕೆಳಗೆ ಏನೂ ಇಲ್ಲ. ರೇವತಿ ಅದನ್ನು ‘ಕುತ್ತಿಗೆ’ ಎಂದು ಕರೆದಳು. ಆ ಹೆಸರು ಕೇಳಿ ನಾನು ಕೈಯನ್ನು ನನ್ನ ಕುತ್ತಿಗೆಗೆ ಒಯ್ದುಕೊಂಡದ್ದು ದೋರ್ಜೆ ಫೋನಿನಲ್ಲಿ ತೆಗೆದ ವಿಡಿಯೋದಲ್ಲಿದೆ.

ಅವಳು ಆ ದಿನ ಓಡಿಸಲಿಲ್ಲ. ನಾಲ್ಕು ಸಲ ನಡೆದಳು. ದೋರ್ಜೆ ಜಾಡಿನಿಂದ ಕಲ್ಲು ಆರಿಸಿದ. ಒಂದು ಕಲ್ಲು ಅವನ ಕೈಯಿಂದ ಜಾರಿ ಉರುಳಿತು. ಅದು ತಳ ಮುಟ್ಟಿದ ಸದ್ದಿಗೆ ನಾನು ಕಾದೆ. ಬರಲೇ ಇಲ್ಲ.

ಸಂಜೆ ಕೆಂಡದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು, ಅವಳು ನಡೆದದ್ದನ್ನು ನೋಡಿದೆವು. ಪರದೆಯ ಮೇಲೆ ಬೆಟ್ಟ ಚಪ್ಪಟೆ.

‘ಮಾಮ, ಇದು ನಮ್ಮನೆ ಮುಂದಿನ ಹಂಪ್ ತರ ಇದೆ!’

ಅದು ಲೆನ್ಸಿನ ದೋಷ. ಹತ್ತಿರ ನಿಂತು ಅಗಲ ಲೆನ್ಸಿನಲ್ಲಿ ತೆಗೆದರೆ ಇಳಿಜಾರೆಲ್ಲ ಮಲಗಿಬಿಡುತ್ತದೆ. ಕ್ಯಾಮೆರಾಕ್ಕೆ ಭಯ ಗೊತ್ತಿಲ್ಲ. ಸರಿಯಾಗಿ ಕಾಣಬೇಕಾದರೆ ನಾನು ಕಮರಿಯ ಆಚೆಯ ಬದಿಗೆ ಹೋಗಿ, ದೂರದಿಂದ ಉದ್ದ ಲೆನ್ಸಿನಲ್ಲಿ ತೆಗೆಯಬೇಕಿತ್ತು. ಅಂದರೆ ಅವಳಿಗೆ ಏನಾದರೂ ಆದರೆ ನಾನು ಮುಟ್ಟಲಾಗದಷ್ಟು ದೂರದಲ್ಲಿರುತ್ತೇನೆ. ಅದನ್ನು ಹೇಳಿದೆ. ಅವಳು ತಲೆಯಾಡಿಸಿ, ‘ಹತ್ರ ಇದ್ರೂ ಏನ್ ಮಾಡ್ತೀಯ?’ ಅಂದಳು.

ಕುತ್ತಿಗೆ, ಎರಡನೇ ದಿನ

ಈ ಕಣಿವೆಯಲ್ಲಿ ಗಾಳಿಗೆ ಒಂದು ಹೊತ್ತಿದೆ. ಬೆಳಗ್ಗೆ ನಿಶ್ಶಬ್ದ. ಹತ್ತೂವರೆ, ಹನ್ನೊಂದರ ಹೊತ್ತಿಗೆ ಕೆಳಗಿನಿಂದ ಏಳುತ್ತದೆ, ಮಧ್ಯಾಹ್ನಕ್ಕೆ ಮನುಷ್ಯರನ್ನು ತಳ್ಳುತ್ತದೆ. ಊರಿನವರು ಬೆಳಗ್ಗೆ ಮಾಳಿಗೆಯ ಮೇಲೆ ಸುಗಂಧದ ಹಸಿರು ಸೊಪ್ಪು ಸುಡುತ್ತಾರೆ. ದೋರ್ಜೆ ಆ ಹೊಗೆಯನ್ನು ನೋಡಿ ‘ನೆಟ್ಟಗೆ ಹೋಗ್ತಿದೆ, ಓಡಿಸ್ಬೋದು’ ಅಂದ. ನಾವು ಕತ್ತಲು ಹರಿಯುವ ಮೊದಲೇ ಎದ್ದಿದ್ದೆವು. ಆದರೂ ಕಮರಿ ದಾಟಿ ನನ್ನ ಜಾಗ ಸೇರುವಷ್ಟರಲ್ಲಿ ಹತ್ತಾಗಿತ್ತು.

ನಾವು ಮೂವರು ಮೂರು ಕಡೆ. ಮೇಲೆ ರೇವತಿ. ಕೆಳಗೆ, ಒಂದು ಗುಡ್ಡದ ಮರೆಯಲ್ಲಿ, ದೋರ್ಜೆ. ಅಲ್ಲಿಂದ ಅವನಿಗೆ ಕುತ್ತಿಗೆ ಕಾಣುವುದಿಲ್ಲ. ಕಮರಿಯ ಆಚೆ ಬದಿಯಲ್ಲಿ ನಾನು, ಮುಕ್ಕಾಲಿಯ ಮೇಲೆ ಕ್ಯಾಮೆರಾ. ಮೂವರ ಕೈಯಲ್ಲೂ ವಾಕಿಟಾಕಿ.

ಇಲ್ಲಿ ನನ್ನ ಕಸುಬಿನ ಒಂದು ಚಟವನ್ನು ಹೇಳಬೇಕು. ಮದುವೆಯಲ್ಲಿ ಏನು ತಪ್ಪಿಹೋದರೂ ನಮಗೆ ನಷ್ಟವಿಲ್ಲ. ‘ಸಾರ್, ತಾಳಿ ಹಾಗೇ ಹಿಡ್ಕೊಳಿ, ಈಕಡೆ ನೋಡಿ, ಇನ್ನೊಂದ್ ಸಲ’ ಅಂದರೆ ವರ ಹಾಗೇ ಹಿಡಿದುಕೊಳ್ಳುತ್ತಾನೆ, ಪುರೋಹಿತರು ಮಂತ್ರ ನಿಲ್ಲಿಸುತ್ತಾರೆ, ಧಾರೆಯನ್ನು ಮತ್ತೊಮ್ಮೆ ಎರೆಯುತ್ತಾರೆ. ಇಪ್ಪತ್ತು ವರ್ಷ ಹೀಗೆ ಬದುಕಿದವನ ಬೆರಳಿಗೆ, ಒಂದೇ ಸಲ ನಡೆಯುವುದೊಂದಿದೆ ಎಂಬುದು ಮರೆತುಹೋಗಿರುತ್ತದೆ.

ಚಳಿಗೆ ದಪ್ಪ ಕೈಗವಸು ಹಾಕಿದ್ದೆ. ಬಿಸಿಲಿಗೆ ಕ್ಯಾಮೆರಾದ ಪರದೆ ಕಪ್ಪು ಕನ್ನಡಿಯಾಗಿತ್ತು, ಅದರಲ್ಲಿ ನನ್ನ ಮುಖ ಮಾತ್ರ. ಸುಮ್ಮನೆ ಪರೀಕ್ಷಿಸಲು ಗುಂಡಿ ಒತ್ತಿದ್ದೆ. ಆಮೇಲೆ ಅದನ್ನು ಮರೆತೆ. ಅವಳು ‘ಬರ್ತಿದೀನಿ’ ಅಂದಾಗ ಮತ್ತೆ ಒತ್ತಿದೆ. ಚಾಲೂ ಇದ್ದದ್ದು ನಿಂತುಹೋಯಿತು.

ಅವಳು ಹೊರಟಳು. ಕೆಂಪು ಅಂಗಿಯ ಒಂದು ಚುಕ್ಕೆ ಬೆಟ್ಟದ ಬೆನ್ನಿನ ಮೇಲೆ ಸರಿಯಿತು.

ಆಮೇಲೆ ವಾಕಿಟಾಕಿಯಲ್ಲಿ ದೋರ್ಜೆಯ ಕೂಗು. ‘ಬಂದ್ಬಿಟ್ರು ಸಾರ್! ಬಂದ್ಬಿಟ್ರು!’

ನಿಲ್ಲಿಸೋಣ ಎಂದು ಗುಂಡಿ ಒತ್ತಿದೆ. ಆಗ, ಕೈ ಅಡ್ಡ ಹಿಡಿದ ನೆರಳಿನಲ್ಲಿ, ಪರದೆಯ ಮೂಲೆಯಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕೆ ಆಗಷ್ಟೇ ಹೊತ್ತಿಕೊಂಡಿತು.

ಕ್ಯಾಮೆರಾದಲ್ಲಿದ್ದದ್ದು ಹನ್ನೊಂದು ನಿಮಿಷದ ಒಂದು ತುಣುಕು. ಖಾಲಿ ಬೆಟ್ಟ, ಓರೆಯಾದ ಆಕಾಶ, ನನ್ನ ಉಸಿರು, ಬೂಟಿನ ಕೆಳಗೆ ಕಲ್ಲು. ವಾಕಿಟಾಕಿಯಲ್ಲಿ ರೇವತಿಯ ದನಿ ನಾಲ್ಕು ಸಲ: ‘ದೋರ್ಜೆ ಅಣ್ಣ, ಗಾಳಿ ಇದ್ಯಾ?’ ನಾಲ್ಕು ಸಲ ಅದೇ ಪ್ರಶ್ನೆ, ಪ್ರತಿ ಸಲವೂ ಸ್ವಲ್ಪ ಮೆಲ್ಲಗೆ. ಅಷ್ಟೇ. ಅವಳು ಇಳಿದದ್ದು ಇಲ್ಲ.

‘ಮಾಮ, ಬಂತಾ?’

ನನ್ನ ಕಾಲಿನ ಬಳಿ ಒಣಹುಲ್ಲು ಅಲುಗಾಡಲು ಶುರುವಾಗಿತ್ತು. ಬರಲಿಲ್ಲ ಅಂದರೆ ಅವಳು ಮತ್ತೆ ಹತ್ತುತ್ತಾಳೆ. ಹತ್ತುವಷ್ಟರಲ್ಲಿ ಗಾಳಿ ಪೂರ್ತಿ ಎದ್ದಿರುತ್ತದೆ. ಅವಳು ನಿಲ್ಲುವವಳಲ್ಲ.

‘ಮಾಮ? ಬಂತಾ?’

‘ಬಂತು.’

‘ಪೂರ್ತಿ?’

‘ಪೂರ್ತಿ ಬಂತು ಕಣೇ.’

ಅವಳು ನಕ್ಕಳು. ವಾಕಿಟಾಕಿಯ ಆ ನಗು ತಗಡಿನ ಡಬ್ಬಿಯಲ್ಲಿ ನಾಣ್ಯ ಅಲುಗಿಸಿದಂತೆ ಕೇಳಿತು. ಆ ದಿನವೆಲ್ಲ ಅದು ನನ್ನ ಕಿವಿಯಲ್ಲಿತ್ತು.

ಕೆಂಡದ ಮೇಜು

ಸಂಜೆ ಅವಳು ಎರಡು ಮುದ್ದೆ ತಿಂದಳು, ನನ್ನಂತೆಯೇ ನುಂಗಿ, ಮುದುಕನನ್ನು ಮತ್ತೆ ಗಾಬರಿಪಡಿಸಿದಳು. ‘ತೋರ್ಸು ತೋರ್ಸು’ ಎಂದು ಭುಜ ಹಿಡಿದು ಅಲುಗಿಸಿದಳು. ಕರೆಂಟು ಹೋಗಿತ್ತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇಲ್ಲ ಅಂದೆ. ಅದು ನಿಜವೋ ಸುಳ್ಳೋ ಈಗ ಹೇಳಲಾರೆ. ಕ್ಯಾಮೆರಾದಲ್ಲೇ ತೋರಿಸು ಅಂದಳು. ಚಳಿಗೆ ಬ್ಯಾಟರಿ ಸತ್ತಿದೆ ಅಂದೆ. ಅದು ಸುಳ್ಳು.

ಬೆಳಗಿನ ಭಯ ಒಂದೇ ಬಗೆಯದಾಗಿತ್ತು: ಅವಳು ಬೀಳಬಾರದು. ಸಂಜೆಯ ಭಯಕ್ಕೆ ಹೆಸರು ಇಡಲಾಗಲಿಲ್ಲ. ಕಂಬಳಿಯ ಒಳಗೆ ಕಾಲು ಸುಡುತ್ತಿತ್ತು, ಬೆನ್ನು ಹೆಪ್ಪುಗಟ್ಟಿತ್ತು. ನಾನು ಸುಳ್ಳು ಹೇಳಿದ್ದು ಗಾಳಿಗೆ ಹೆದರಿಯೋ, ಗುಂಡಿ ಒತ್ತಲು ಬಾರದ ಮುಟ್ಠಾಳ ಎನ್ನಿಸಿಕೊಳ್ಳಲು ಹೆದರಿಯೋ? ಆ ಪ್ರಶ್ನೆಗೆ ನಾನು ಬೇರೆ ಬೇರೆ ದಿನ ಬೇರೆ ಬೇರೆ ಉತ್ತರ ಕೊಟ್ಟುಕೊಂಡಿದ್ದೇನೆ.

ಮರುದಿನ ಮಧ್ಯಾಹ್ನ ನಮ್ಮ ಜೀಪು. ನಸುಕಿನಲ್ಲೇ ಚಹಾ ಕುಡಿಯುತ್ತ ದೋರ್ಜೆ ಮಾಳಿಗೆಗಳ ಕಡೆ ನೋಡಿದ. ಎಲ್ಲ ಮನೆಗಳ ಹೊಗೆಯೂ ದಾರ ಕಟ್ಟಿ ಎಳೆದಂತೆ ನೆಟ್ಟಗೆ.

‘ನಿನ್ನೆಗಿಂತ ಚೆನ್ನಾಗಿದೆ ಸಾರ್ ಇವತ್ತು. ಇವತ್ತು ಬೆಟ್ಟ ನಿದ್ದೆ ಮಾಡ್ತಿದೆ.’

ಆಗ ಹೇಳಿದೆ. ಇನ್ನು ಗಾಳಿಯ ನೆಪ ನನಗೆ ಉಳಿದಿರಲಿಲ್ಲ.

ರೇವತಿ ಲೋಟ ಕೆಳಗಿಟ್ಟಳು. ಮೊದಲು ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

‘ನಿನ್ನೆ ಯಾಕ್ ಹೇಳ್ಲಿಲ್ಲ?’

‘ಗಾಳಿ ಏಳ್ತಿತ್ತು. ನೀನು ಮತ್ತೆ ಹತ್ತಿರ್ತಿದ್ದೆ.’

‘ಹತ್ತಿರ್ತಿದ್ನೋ ಇಲ್ವೋ, ಅದು ನಂಗ್ ಬಿಟ್ಟಿದ್ದು ಮಾಮ. ನಾಲ್ಕ್ ಸಲ ಗಾಳಿ ಕೇಳ್ದೋಳು ನಾನು. ಅಷ್ಟೂ ಬುದ್ಧಿ ಇಲ್ವಾ ನಂಗೆ?’

‘ಭಯ ಆಯ್ತು ರೇವು.’

‘ನಿಂಗ್ ಭಯ ಆದ್ರೆ ಭಯ ಆಯ್ತು ಅನ್ನು. ಬಂತು ಅಂತ ಯಾಕಂದೆ? ರಾತ್ರಿಯೆಲ್ಲ ಖುಷೀಲಿದ್ನಲ್ಲೋ ನಾನು!’

ಅವಳು ನನ್ನನ್ನು ‘ಲೋ’ ಎಂದದ್ದು ಅದೇ ಮೊದಲು. ದೋರ್ಜೆ ತನ್ನ ಲೋಟದೊಳಗೆ ಇಣುಕಿ ನೋಡುತ್ತ ಕುಳಿತ, ಅಲ್ಲಿ ಏನೋ ಬಿದ್ದಿದೆ ಎಂಬಂತೆ. ರೇವತಿ ಎದ್ದು ಹೆಲ್ಮೆಟ್ ತಂದಳು.

ಕುತ್ತಿಗೆ, ಮೂರನೇ ದಿನ

ಬೇಗ ಹೋದೆವು. ಕೈಗವಸು ಬಿಚ್ಚಿದ್ದೆ, ಬೆರಳು ನೀಲಿಯಾಗಿತ್ತು. ಪರದೆಗೆ ಜಾಕೀಟು ಮುಚ್ಚಿ, ಅದರೊಳಗೆ ತಲೆ ತೂರಿಸಿ ಕೆಂಪು ಚುಕ್ಕೆಯನ್ನು ಕಣ್ಣಾರೆ ನೋಡಿದೆ. ಗಾಳಿಯ ಸುಳಿವಿಲ್ಲ. ದಾರಕ್ಕೆ ಕಟ್ಟಿದ ಬಣ್ಣದ ಪ್ರಾರ್ಥನಾ ಬಾವುಟಗಳು ಒಣಹಾಕಿದ ಬಟ್ಟೆಯಂತೆ ಜೋತಿದ್ದವು. ಈ ಸಲ ಅವಳು ದೋರ್ಜೆಯನ್ನು ಒಮ್ಮೆಯೂ ಗಾಳಿ ಕೇಳಲಿಲ್ಲ.

‘ಆನ್ ಇದ್ಯಾ?’

‘ಇದೆ. ನೋಡಿದೀನಿ.’

ಅವಳು ಬಂದಳು. ಉದ್ದ ಲೆನ್ಸಿನಲ್ಲಿ ಬೆಟ್ಟ ಕೊನೆಗೂ ಬೆಟ್ಟದಂತೆಯೇ ನಿಂತಿತ್ತು, ಅದರ ಮೇಲೆ ಅವಳು ಒಂದು ಕೆಂಪು ಕಾಳು. ಹಿಂದಿನ ದಿನಕ್ಕಿಂತ ನಿಧಾನವಾಗಿದ್ದಳು. ನಿಧಾನವಾಗಿದ್ದಳು ಎಂದು ಈಗ ಅನ್ನಿಸುತ್ತದೆ. ಹೋಲಿಸಲು ಹಿಂದಿನ ದಿನದ್ದು ನನ್ನ ಹತ್ತಿರ ಏನಿದೆ?

ಕುತ್ತಿಗೆಯ ಬಾಯಿಯಲ್ಲಿ ಮುಂದಿನ ಚಕ್ರ ಒಮ್ಮೆ ತೊನೆಯಿತು. ಅವಳು ಬ್ರೇಕ್ ಹಿಡಿದು ಒಂದು ಕಾಲು ಕೆಳಗಿಟ್ಟಳು. ನಿಂತಳು. ನಾನು ಎಣಿಸುತ್ತಿದ್ದೆ. ಅರವತ್ತಕ್ಕೆ ಎಣಿಕೆ ತಪ್ಪಿತು. ನಡುವೆ ಒಮ್ಮೆ ಅವಳು ಮತ್ತೆ ಪೆಡಲಿನ ಮೇಲೆ ಪಾದವಿಟ್ಟಳು. ಆಮೇಲೆ ಪಾದ ತೆಗೆದು, ಇಳಿದು, ಸೈಕಲ್ಲನ್ನು ಹೆಗಲ ಮೇಲೆ ಎತ್ತಿಕೊಂಡಳು. ನಲವತ್ತು ಹೆಜ್ಜೆ ನಡೆದಳು. ಹೆಗಲ ಮೇಲಿನ ಚಕ್ರ ತನ್ನಷ್ಟಕ್ಕೆ ಮೆಲ್ಲಗೆ ತಿರುಗುತ್ತಿತ್ತು.

ಕೆಳಗೆ ಸೇರಿದಾಗ ಕೇಳಿದೆ, ‘ಏನಾಯ್ತು?’

‘ಬರ್ಲಿಲ್ಲ ಇವತ್ತು’ ಅಂದಳು. ‘ನಿನ್ನೆ ಬಂದಿತ್ತು.’

ಅದು ನನ್ನಿಂದ ಆಯಿತೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ದಾರಿಯುದ್ದಕ್ಕೂ, ಪೋಖರಾದವರೆಗೆ, ಅವಳು ನನ್ನ ಹತ್ತಿರ ಆಡಿದ್ದು ಒಂದೇ ಮಾತು: ‘ಅದನ್ನ ಕತ್ತರಿಸ್ಬೇಡ. ನಿಂತಿದ್ದಷ್ಟೂ ಇರ್ಲಿ.’

ಕೆ.ಆರ್. ಪುರಂ, ಮರಳಿದ ಮೇಲೆ

ಚಿತ್ರ ಆರು ನಿಮಿಷದ್ದಾಯಿತು, ಒಂದು ನಿಮಿಷ ಹೆಚ್ಚು. ಮೊದಲು ಖಾಲಿ ಬೆಟ್ಟ, ನನ್ನ ಉಸಿರು, ಅವಳ ನಾಲ್ಕು ಪ್ರಶ್ನೆ. ಆಮೇಲೆ ಅವಳು ಬರುವುದು, ನಿಲ್ಲುವುದು, ಹೊತ್ತು ನಡೆಯುವುದು. ಉತ್ಸವಕ್ಕೆ ಕಳಿಸುವ ಮೊದಲು ಅಕ್ಕನ ಮನೆಯ ಟಿವಿಯಲ್ಲಿ ಹಾಕಿದೆವು. ಅಕ್ಕ ಡ್ಯೂಟಿ ಮುಗಿಸಿ ಬಂದವಳು, ಸೀರೆಯನ್ನೂ ಬದಲಿಸದೆ ಕುರ್ಚಿಯ ತುದಿಯಲ್ಲಿ ಕೂತಳು. ಅವಳ ಮಗಳು ಕಾಲು ಕೆಳಗಿಟ್ಟ ಕ್ಷಣದಲ್ಲಿ ಅಕ್ಕನ ಬೆನ್ನು ಕುರ್ಚಿಗೆ ಒರಗಿತು.

‘ಸದ್ಯ. ಓಡಿಸ್ಲಿಲ್ವಲ್ಲ’ ಅಂದಳು. ‘ಚೆನ್ನಾಗಿದೆ ಕಣೇ ಫಿಲಂ. ತುಂಬ ಚೆನ್ನಾಗಿದೆ.’

ರೇವತಿ ನನ್ನ ಕಡೆ ನೋಡಿದಳು. ಸುಮ್ಮನಿದ್ದರೆ ಅಕ್ಕ ಇನ್ನು ಮುಂದೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಸುಮ್ಮನಿದ್ದರೆ, ರೇವತಿ ಆ ನಲವತ್ತು ಹೆಜ್ಜೆಯನ್ನು ಚಕ್ರದ ಮೇಲೆ ದಾಟಿದ್ದು ಎಲ್ಲಿಯೂ ನಡೆದಿರುವುದಿಲ್ಲ.

‘ಓಡಿಸಿದ್ಲು ಅಕ್ಕ. ಹಿಂದಿನ್ ದಿನ. ನಾನೇ ರೆಕಾರ್ಡ್ ಮಾಡ್ಲಿಲ್ಲ.’

ಅಕ್ಕ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿ ಚಿತ್ರ ಮುಗಿದು ನೀಲಿ ಪರದೆಯಷ್ಟೇ ಇತ್ತು.

‘ಇದ್ರ ಮೇಲಾ?’

‘ಇದ್ರ ಮೇಲೇ.’

‘ನೀನ್ ನೋಡ್ದ್ಯಾ?’

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೇಲೆ ಆ ಭಾಗವನ್ನು ಬರೆಯುವಾಗ ನಿಮಗೂ ಹೇಳದೆ ದಾಟಿಸಿದೆ. ಕೆಂಪು ಚುಕ್ಕೆ ಸರಿಯಿತು, ಆಮೇಲೆ ದೋರ್ಜೆ ಕೂಗಿದ ಎಂದು ಬರೆದೆ. ನಡುವೆ ನಾನು ಏನನ್ನೂ ನೋಡಲಿಲ್ಲ.

‘ಕುತ್ತಿಗೆ ಹತ್ರ ಬರ್ತಿದ್ದಂಗೆ ಕಣ್ ಮುಚ್ಕೊಂಡ್ಬಿಟ್ಟೆ’ ಅಂದೆ.

ರೇವತಿ ತಟ್ಟನೆ ನನ್ನತ್ತ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ.

‘ಅಷ್ಟ್ ಭಯ ಆಗಿತ್ತಾ?’

‘ಆಗಿತ್ತು.’

‘ನಂಗೂ’ ಅಂದಳು. ಅಮ್ಮನ ಎದುರು ಆ ಮಾತನ್ನು ಅವಳು ಹಿಂದೆಂದೂ ಆಡಿದ್ದಿಲ್ಲ.

ಅಕ್ಕ ರಿಮೋಟು ತೆಗೆದು ಟಿವಿ ಆರಿಸಿದಳು. ರಿಮೋಟನ್ನು ಮಡಿಲಿನಲ್ಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡಳು.

‘ಮತ್ತೆ ಹೋಗ್ತೀಯೇನೇ?’

‘ಹೂಂ ಅಮ್ಮ.’

‘ಇವನ್ನ ಕರ್ಕೊಂಡ್ ಹೋಗ್ಬೇಡ’ ಅಂದಳು ಅಕ್ಕ. ‘ನಾನ್ ಬರ್ತೀನಿ. ನಾನು ಕಣ್ ಮುಚ್ಚಲ್ಲ.’